ಬ್ಲಾಕ್ ಒತ್ತಿ ಸುಮ್ಮನಾಗಬೇಡಿ, 1909ಕ್ಕೆ ಒಂದು ದೂರು ಕೊಡಿ

ಬೇಡದ ಕಾಲ್ ಬಂದರೆ ಬಹುತೇಕ ಎಲ್ಲರೂ ಮಾಡುವುದು ಒಂದೇ ಕೆಲಸ. ಕಟ್ ಮಾಡಿ ಬ್ಲಾಕ್ ಒತ್ತುವುದು. ಮರುದಿನ ಬೇರೆ ನಂಬರಿನಿಂದ ಅದೇ ರಾಗ: ‘ಸರ್, ಪರ್ಸನಲ್ ಲೋನ್ ಬೇಕಿತ್ತಾ?’ ಬ್ಲಾಕ್ ಮಾಡಿದರೆ ನಿಮ್ಮ ಫೋನಿಗಷ್ಟೇ ನೆಮ್ಮದಿ. ಆ ಸಿಮ್ ಊರಿಗೆಲ್ಲ ಕಾಲ್ ಮಾಡುತ್ತಲೇ ಇರುತ್ತದೆ. ಅದು ಬಂದ್ ಆಗಬೇಕಾದರೆ ಬೇಡದ ಕಾಲ್, ಮೆಸೇಜ್‌ಗಳ ದೂರಿಗೆಂದೇ ಇರುವ 1909 ನಂಬರಿಗೆ ದೂರು ಹೋಗಬೇಕು. ಹೇಗೆ ಅಂತ ನೋಡೋಣ.

ಮೊದಲು ಡಿಎನ್‌ಡಿ

ಡಿಎನ್‌ಡಿ ಅಂದರೆ ‘ಡು ನಾಟ್ ಡಿಸ್ಟರ್ಬ್’, ಜಾಹೀರಾತಿನ ಕಾಲ್, ಮೆಸೇಜ್ ಬೇಡ ಎಂದು ಹೆಸರು ಬರೆಸುವುದು. ಇದು ಗೊತ್ತಿರುವ ವಿಷಯವೇ. ಮೆಸೇಜ್‌ನಲ್ಲಿ ‘ಸ್ಟಾರ್ಟ್ 0’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ 1909ಕ್ಕೆ ಕಳಿಸಿ. ಪದಕ್ಕೂ ಸೊನ್ನೆಗೂ ನಡುವೆ ಒಂದು ಸ್ಪೇಸ್ ಇರಲಿ. ಸೊನ್ನೆ ಅಂದರೆ ಯಾವ ಜಾಹೀರಾತೂ ಬೇಡ ಅಂತ. ಬ್ಯಾಂಕಿನದು ಬೇಡ, ಆಸ್ಪತ್ರೆಯದು ಇರಲಿ ಎನ್ನುವವರು ತಮ್ಮ ಸಿಮ್ ಕಂಪನಿಯ ಆ್ಯಪ್‌ಗೆ ಹೋಗಿ ಒಂದೊಂದಾಗಿ ಆರಿಸಿಕೊಳ್ಳಬಹುದು. ಒಟಿಪಿ, ಹಣ ಕಟ್ ಆದ ಮೆಸೇಜ್ ಇವಕ್ಕೆಲ್ಲ ಏನೂ ತೊಂದರೆ ಇಲ್ಲ, ಬರುತ್ತಲೇ ಇರುತ್ತವೆ.

ಡಿಎನ್‌ಡಿ ಹಾಕಿದ ಮೇಲೂ ಕಾಲ್ ಬರುತ್ತಲ್ಲ ಎಂದು ಬೈಯುವವರೇ ಜಾಸ್ತಿ. ಬೈಗುಳದಲ್ಲಿ ನ್ಯಾಯವಿದೆ. ನೋಂದಣಿ ಮಾಡಿಸಿಕೊಂಡ ಕಂಪನಿಗಳನ್ನು ಡಿಎನ್‌ಡಿ ತಡೆಯುತ್ತದೆ. ಅಂಗಡಿಯಲ್ಲಿ ಸಿಮ್ ಕೊಂಡು ಕಾಲ್ ಮಾಡುತ್ತಾ ಕೂರುವವರಿಗೆ ಅದರ ಹಂಗಿಲ್ಲ. ಅವರಿಗೆ ಬೇರೆ ಮದ್ದು ಬೇಕು. ಹಾಗಾಗಿ ಕಳಿಸಿದ್ದು ಯಾರು ಎಂದು ಗುರುತಿಸುವುದು ಮುಂದಿನ ಹೆಜ್ಜೆ.

ಹೆಸರು, ನಂಬರ್ ಓದುವುದು

ಕಂಪನಿಗಳ ಎಸ್‌ಎಂಎಸ್‌ಗೆ ನಂಬರ್ ಇರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಹೆಸರು ಇರುತ್ತದೆ. ಅದಕ್ಕೆ ಹೆಡರ್ ಎನ್ನುತ್ತಾರೆ. ಇನ್‌ಬಾಕ್ಸ್‌ನಲ್ಲಿ ಒಂದನ್ನು ತೆರೆದು ನೋಡಿ. ಮೊದಲ ಅಕ್ಷರ ಟೆಲಿಕಾಂ ಕಂಪನಿಯದು, ಎರಡನೆಯದು ವಲಯದ್ದು. ಕರ್ನಾಟಕದ ವಲಯಕ್ಕೆ ‘ಎಕ್ಸ್’ ಎಂಬ ಅಕ್ಷರ. ಒಂದು ಸಣ್ಣ ಗೆರೆ ಆದ ಮೇಲೆ ಕಳಿಸಿದವರ ಹೆಸರು. ಕೊನೆಯಲ್ಲಿ ಇನ್ನೊಂದು ಗೆರೆ, ಅದರ ಪಕ್ಕ ಒಂದೇ ಒಂದು ಅಕ್ಷರ. ನಿಮಗೆ ಬೇಕಾದದ್ದು ಅದು. ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆಯ ಮಾಹಿತಿ, ‘ಟಿ’ ಇದ್ದರೆ ವಹಿವಾಟು, ‘ಜಿ’ ಇದ್ದರೆ ಸರ್ಕಾರದ್ದು. 2025ರ ಫೆಬ್ರವರಿಯಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತಿದ್ದಿದ ನಿಯಮದಿಂದ ಈ ಅಕ್ಷರಗಳು ಬಂದವು. ‘ಎಸ್’ ಅಂತ ಹಾಕಿಕೊಂಡು ಒಳಗೆ ಹಬ್ಬದ ಆಫರ್ ತುರುಕಿದ್ದರೆ ಅದು ಕಳ್ಳಾಟ, ದೂರು ಕೊಡಬಹುದು. ಹೆಸರು ನೋಡಿದರೆ ಯಾವ ಕಂಪನಿ ಅಂತ ತಿಳಿಯದಿದ್ದರೆ ಟ್ರಾಯ್‌ನ ಎಸ್‌ಎಂಎಸ್ ಹೆಡರ್ ಪೋರ್ಟಲ್‌ನಲ್ಲಿ ಹುಡುಕಬಹುದು.

ಕಾಲ್‌ಗಳಲ್ಲಿ, ಜಾಹೀರಾತಿನದು 140ರಿಂದ ಶುರುವಾಗಬೇಕು. ಬ್ಯಾಂಕು ಮತ್ತು ಸರ್ಕಾರದ ಸೇವೆಗೆ ಸಂಬಂಧಿಸಿದ ಕಾಲ್‌ಗಳಿಗೆಂದು 1600ರ ಸರಣಿ ಇದೆ. ನಮ್ಮ ನಿಮ್ಮ ಹಾಗೆ 10 ಅಂಕಿಯ ಮೊಬೈಲ್ ನಂಬರಿನಿಂದ ಸೈಟು, ಸಾಲ, ಇನ್ಶೂರೆನ್ಸ್ ಮಾರುವುದು ನಿಯಮಕ್ಕೆ ವಿರುದ್ಧ. ನಮ್ಮ ತಲೆ ತಿನ್ನುವ ಕಾಲ್‌ಗಳಲ್ಲಿ ಹೆಚ್ಚಿನವು ಇವೇ.

ದೂರು ಕೊಡುವ ಬಗೆ

ಇಂಥ ಕಾಲ್ ಬಂದಾಗ ತಕ್ಷಣ ಕಟ್ ಮಾಡಬೇಡಿ. ‘ಯಾವ ಕಂಪನಿಯಮ್ಮಾ?’ ಎಂದು ಒಂದು ಮಾತು ಕೇಳಿ, ಆಮೇಲೆ ಇಡಿ. ಪಾಪ, ಆ ಕಡೆ ಮಾತಾಡುವವರೂ ಟಾರ್ಗೆಟ್ ಮುಟ್ಟಿಸಲು ಕೂತವರು, ಅವರ ಮೇಲೆ ರೇಗಿ ಫಲವಿಲ್ಲ. ಕಾಲ್ ಲಾಗ್‌ನಿಂದ ನಂಬರ್ ಕಾಪಿ ಮಾಡಿಕೊಳ್ಳಿ. 1909ಕ್ಕೆ ಮೆಸೇಜ್ ಬರೆಯಿರಿ: ಮೊದಲು ಏನು ಮಾರಲು ಬಂದರು ಎಂದು ಚುಟುಕಾಗಿ ಇಂಗ್ಲಿಷಿನಲ್ಲಿ, ಒಂದು ಕಾಮಾ, ಅವರ ನಂಬರ್, ಮತ್ತೊಂದು ಕಾಮಾ, ಕಾಲ್ ಬಂದ ದಿನಾಂಕ. ದಿನ, ತಿಂಗಳು, ವರ್ಷ, ಈ ಕ್ರಮದಲ್ಲೇ ಇರಲಿ. ಎಸ್‌ಎಂಎಸ್ ಬಗ್ಗೆ ದೂರಾದರೆ ಬಂದ ಮೆಸೇಜನ್ನೇ ಮೊದಲು ಅಂಟಿಸಿ, ನಂಬರಿನ ಜಾಗದಲ್ಲಿ ಹೆಡರ್ ಹಾಕಿ. ಟೈಪ್ ಮಾಡುವುದು ಕಿರಿಕಿರಿ ಎನಿಸಿದರೆ 1909ಕ್ಕೆ ಕಾಲ್ ಮಾಡಿ, ಇಲ್ಲವೇ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಹಾಕಿಕೊಳ್ಳಿ.

ಕಾಲ್ ಬಂದ 7 ದಿನದೊಳಗೆ ದೂರು ಹೋಗಬೇಕು. ಮುಂಚೆ 3 ದಿನ ಮಾತ್ರ ಇತ್ತು. ನೋಂದಣಿ ಇಲ್ಲದೆ ಹೀಗೆ ಕಾಲ್ ಮಾಡುವವರ ಮೇಲೆ ದೂರಲು ಈಗ ನೀವು ಡಿಎನ್‌ಡಿ ಹಾಕಿಸಿಕೊಂಡಿರಲೇಬೇಕು ಎಂದೇನೂ ಇಲ್ಲ.

ನನ್ನೊಬ್ಬನ ದೂರಿನಿಂದ ಏನಾದೀತು ಅಂತ ಅನ್ನಿಸಬಹುದು. ಲೆಕ್ಕ ಹೀಗಿದೆ: ಒಂದು ನಂಬರಿನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಟೆಲಿಕಾಂ ಕಂಪನಿ ಕ್ರಮ ಕೈಗೊಳ್ಳಬೇಕು. ಮೊದಲ ಸಲ ಸಿಕ್ಕಿಬಿದ್ದರೆ 15 ದಿನ ಹೊರಹೋಗುವ ಕಾಲ್ ಬಂದ್. ಮತ್ತೆ ಮಾಡಿದರೆ ಆ ವ್ಯಕ್ತಿಯ ಅಥವಾ ಸಂಸ್ಥೆಯ ಹೆಸರಿನ ಎಲ್ಲ ಸಂಪರ್ಕವೂ ಒಂದು ವರ್ಷ ಕಟ್. ಐದೇ ದೂರು! ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಈ ನಂಬರಿನ ಕಾಟ ನಿಮಗೂ ಇದೆಯಾ?’ ಎಂದು ಸ್ಕ್ರೀನ್‌ಶಾಟ್ ಹಾಕಿದರೆ ಕೋಪದ ಇಮೋಜಿಗಳೇ ಹತ್ತು ಬೀಳುತ್ತವೆ. ಆ ಹತ್ತರಲ್ಲಿ ಐವರು 1909ಕ್ಕೆ ಬರೆದಿದ್ದರೆ ಕಾಟ ಅಲ್ಲಿಗೇ ನಿಲ್ಲುತ್ತಿತ್ತು, ಅಲ್ವಾ?

ಮೋಸದ ಕಾಲ್ ಬೇರೆ

‘ಕೆವೈಸಿ ಅವಧಿ ಮುಗಿದಿದೆ’, ‘ಇಂದು ರಾತ್ರಿ ಕರೆಂಟ್ ಕಟ್’, ‘ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಎನ್ನುವವರು ಏನನ್ನೂ ಮಾರುತ್ತಿಲ್ಲ. ಇಂಥವರ ಬಗ್ಗೆ ತಿಳಿಸಬೇಕಾದದ್ದು ಕೇಂದ್ರ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಅಥವಾ ಆ್ಯಪ್‌ನಲ್ಲಿರುವ ‘ಚಕ್ಷು’ ವಿಭಾಗಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೂ ಅಲ್ಲಿ ಹೇಳಬಹುದು. ಆದರೆ ಹಣ ಹೋಗಿಯೇಬಿಟ್ಟಿದ್ದರೆ ಚಕ್ಷುವಿನಲ್ಲಿ ಫಾರಂ ತುಂಬುತ್ತಾ ಕೂರಬೇಡಿ. ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ.

ನಂಬರ್ ಎಲ್ಲಿಂದ ಸಿಗುತ್ತದೆ?

ಎಷ್ಟೋ ಸಲ ನಾವೇ ಕೊಟ್ಟಿರುತ್ತೇವೆ. ಮಾಲ್‌ನ ಲಕ್ಕಿ ಡ್ರಾ ಚೀಟಿ, ಸುಮ್ನೆ ಬೆಲೆ ನೋಡೋಣ ಎಂದು ತೆರೆದ ಸೈಟು ಮಾರುವ ವೆಬ್‌ಸೈಟ್, ಕಾಂಟ್ಯಾಕ್ಟ್ಸ್‌ಗೆಲ್ಲ ಅನುಮತಿ ಕೇಳುವ ಸಾಲದ ಆ್ಯಪ್. ನೀವೇ ‘ಒಪ್ಪಿದೆ’ ಎಂದು ಟಿಕ್ ಹಾಕಿದ ಕಂಪನಿಗೆ ಡಿಎನ್‌ಡಿ ಅಡ್ಡ ಬರುವುದಿಲ್ಲ. ಅಂಗಡಿಯ ಬಿಲ್ ಕೌಂಟರ್‌ನಲ್ಲಿ ‘ಮೊಬೈಲ್ ನಂಬರ್ ಹೇಳಿ ಸರ್’ ಎಂದರೆ ಬಾಯಿಗೆ ಬಂದುಬಿಡುತ್ತದೆ. ಕೊಡಲೇಬೇಕಿಲ್ಲ. ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ‘ನಂಬರ್ ಬೇಡ, ಪೇಪರ್ ಬಿಲ್ ಕೊಡಿ’ ಎಂದರೆ ಮುಗಿಯಿತು.

ಕೊನೆಯದಾಗಿ ವಾಟ್ಸ್‌ಆ್ಯಪ್. ಅಲ್ಲಿ ಬರುವ ಜಾಹೀರಾತನ್ನು 1909 ತಡೆಯುವುದಿಲ್ಲ. ಆ ಚಾಟ್ ತೆರೆದು ಬ್ಲಾಕ್ ಒತ್ತುವಾಗ ಪಕ್ಕದಲ್ಲೇ ಕಾಣುವ ರಿಪೋರ್ಟ್ ಆಯ್ಕೆಯನ್ನೂ ಬಿಡದೆ ಒತ್ತಿ.