ಸೆಕೆಗೆ ಸೋಲುವ ಕ್ಲೇ, ಎಣ್ಣೆಗೆ ಅಂಟುವ ಕ್ಲೇ

ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಪಾಲಿಮರ್ ಕ್ಲೇಯಲ್ಲಿ ನಾನು ಮಾಡುವುದು ಹೆಚ್ಚಾಗಿ ಊಟದ ಸಾಮಾನು. ಅಂಗೈಯೊಳಗೆ ಹಿಡಿಯುವ ಬಾಳೆಎಲೆ, ಅದರ ಮೇಲೆ ಅನ್ನ, ಉಪ್ಪಿನಕಾಯಿ, ಪತ್ರೊಡೆ, ಹಪ್ಪಳ. ಹಿಂದೆ ಒಂದು ಮ್ಯಾಗ್ನೆಟ್. ನಮ್ಮ ಬದಿಯಡ್ಕ ಕಡೆಯಿಂದ ಗಲ್ಫಿಗೆ ಹೋದವರು ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಒಯ್ಯುತ್ತಾರೆ. ಕೆಲಸ ಕಲಿತದ್ದು ವಿಡಿಯೋ ನೋಡಿ. ಆದರೆ ವಿಡಿಯೋ ಮಾಡುವವರು ಹೆಚ್ಚಿನವರೂ ಚಳಿದೇಶದವರು, ಅವರ ಗೋಳೆಲ್ಲ ಕ್ಲೇ ಕಲ್ಲಾಗಿದೆ, ನಾದಲಿಕ್ಕೆ ಆಗುವುದಿಲ್ಲ ಎಂದು. ನಮ್ಮದು ಪೂರಾ ಉಲ್ಟಾ. ಏಪ್ರಿಲ್ ತಿಂಗಳಲ್ಲಿ ಪ್ಯಾಕೆಟ್ ಬಿಚ್ಚಿದರೆ ಬೆರಳಚ್ಚು ಮೂಡಿಯೇ ಹೊರಗೆ ಬರುತ್ತದೆ.

ಅಂಟುವ ಕ್ಲೇಗೆ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ, ಫ್ರಿಜ್ಜಿನಲ್ಲಿಡಿ. ಅರ್ಧ ಸಲ ಅದರಿಂದ ಏನೂ ಪ್ರಯೋಜನ ಇಲ್ಲ. ಕ್ಲೇ ಮೆತ್ತಗಾಗಲು ಎರಡು ಬೇರೆ ಬೇರೆ ಕಾರಣಗಳು ಉಂಟು. ಯಾವುದೆಂದು ನೋಡದೆ ಮದ್ದು ಮಾಡಿದರೆ ಮದ್ದು ಹಿಡಿಯುವುದಿಲ್ಲ.

ಪಾಲಿಮರ್ ಕ್ಲೇ ಎಂದರೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪುಡಿ, ಬಣ್ಣ, ಅದನ್ನು ಮೆತ್ತಗೆ ಇಡುವ ಎಣ್ಣೆಯಂಥ ಪ್ಲಾಸ್ಟಿಸೈಜರ್. ಇದರಲ್ಲಿ ಮಣ್ಣೂ ಇಲ್ಲ, ನೀರೂ ಇಲ್ಲ. ಹಾಗಾಗಿ ಗಾಳಿಗೆ ಒಣಗುವ ಪ್ರಶ್ನೆಯೇ ಇಲ್ಲ. ನಾನು ಕೈಯೆಲ್ಲ ಅಂಟು ಮಾಡಿಕೊಂಡು ಕೂತದ್ದನ್ನು ನೋಡಿ ಅತ್ತೆ ಕೇಳಿದ್ದುಂಟು, “ಬೆಶಿಲಿಂಗೆ ಮಡುಗಿರೆ ಒಣಗದೋ?” “ಇಲ್ಲೆ ಅತ್ತೆ, ಇದರ ಬೇಶೆಕ್ಕು” ಎಂದೆ, ಅಂದರೆ ಇದನ್ನು ಬೇಯಿಸಬೇಕು. ಅಡಿಕೆ ಒಣಗಿಸುವ ಮನೆಯಲ್ಲಿ ಆ ಪ್ರಶ್ನೆ ಬರುವುದು ಸಹಜವೇ. ಬಿಸಿಲಿಗಿಟ್ಟರೆ ಇದು ಇನ್ನಷ್ಟು ಮೆತ್ತಗಾಗುತ್ತದೆ. ಬಿಸಿ ಜೋರಾಗಿದ್ದರೆ ಅಲ್ಲಲ್ಲಿ ಅರೆಬೆಂದು ಒಳಗೆ ಗಂಟು ಕಟ್ಟುತ್ತದೆ. ಆ ಗಂಟು ಎಷ್ಟು ನಾದಿದರೂ ಕರಗುವುದಿಲ್ಲ.

ಮೊದಲನೆಯ ಕಾರಣ ಬಿಸಿ: ಕೋಣೆಯದು, ಅಂಗೈಯದು, ನಾದಿ ನಾದಿ ಹುಟ್ಟಿದ್ದು. ಎರಡನೆಯದು ಪ್ಲಾಸ್ಟಿಸೈಜರೇ ಜಾಸ್ತಿ ಇರುವುದು. ಹೊಸ ಪ್ಯಾಕೆಟ್‌ಗಳಲ್ಲಿ, ಅದರಲ್ಲೂ ಬಿಳಿ ಮತ್ತು ಪಾರದರ್ಶಕ ಬಣ್ಣಗಳಲ್ಲಿ ಇದನ್ನು ಹೆಚ್ಚಾಗಿ ಕಂಡಿದ್ದೇನೆ. ಪತ್ತೆ ಮಾಡುವುದು ಸುಲಭ. ನೆಲ್ಲಿಕಾಯಿ ಗಾತ್ರದ ಉಂಡೆ ತೆಗೆದು ಕವರಿನಲ್ಲಿ ಸುತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಹೊರತೆಗೆದು ಸ್ವಲ್ಪ ಹೊತ್ತು ಬೆರಳಲ್ಲಿ ಆಡಿಸಿ. ಸುಮಾರು ಹೊತ್ತು ಆಕಾರ ಹಿಡಿದು ನಿಂತರೆ ತೊಂದರೆ ಬಿಸಿಯದ್ದು. ಎರಡು ನಿಮಿಷದಲ್ಲೇ ಮತ್ತೆ ಬೆರಳಿಗೆ ಎಳೆ ಎಳೆಯಾಗಿ ಅಂಟಿದರೆ ಎಣ್ಣೆಯದ್ದು. ಅದಕ್ಕೆ ಫ್ರಿಜ್ ಮದ್ದಲ್ಲ, ಕಾಗದ ಮದ್ದು.

ಕ್ಲೇಯನ್ನು ಲಟ್ಟಿಸಿ ಮೂರು ಮಿಲಿಮೀಟರ್ ದಪ್ಪದ ಹಾಳೆ ಮಾಡುತ್ತೇನೆ. ಪ್ರಿಂಟರಿಗೆ ಹಾಕುವ ಖಾಲಿ ಬಿಳಿ ಕಾಗದದ ನಡುವೆ ಅದನ್ನಿಟ್ಟು ಮೇಲೊಂದು ಟೈಲ್ಸ್, ಅದರ ಮೇಲೆ ಮಕ್ಕಳ ಹಳೆಯ ಪಠ್ಯಪುಸ್ತಕಗಳು. ಪೇಪರ್ ಎಂದು ದಿನಪತ್ರಿಕೆ ಇಟ್ಟರೆ ಅಕ್ಷರ ಕ್ಲೇಗೆ ಇಳಿಯುತ್ತದೆ. ಬಿಳಿ ಕ್ಲೇಯಾದರೆ ಆ ಉಂಡೆಯ ಕಥೆ ಮುಗಿಯಿತು. ಸ್ವಲ್ಪ ಹೊತ್ತಿಗೇ ಕಾಗದದಲ್ಲಿ ಎಣ್ಣೆಯ ಗುರುತು ಏಳುತ್ತದೆ, ಗೋಳಿಬಜೆ ಕಟ್ಟಿಕೊಟ್ಟ ಕಾಗದದ ಹಾಗೆ. ಒದ್ದೆಯಾದ ಕಾಗದ ತೆಗೆದು ಹೊಸದು ಹಾಕಬೇಕು. ರಾತ್ರಿಯಿಡೀ ಬಿಡಬಹುದೆಂದು ಕೆಲವರು ಹೇಳುತ್ತಾರೆ, ನಮ್ಮ ಸೆಕೆಗೆ ಅಷ್ಟು ಬೇಡ. ಬಿಸಿಗೆ ಎಣ್ಣೆ ಬೇಗ ಬಿಡುತ್ತದೆ. ನಾನು ಅರ್ಧ ಗಂಟೆಗೊಮ್ಮೆ ಒಂದು ಮೂಲೆ ಮುರಿದು ನಾದಿ ನೋಡುತ್ತೇನೆ. ಹಾಳೆಯನ್ನು ಮಡಚಿದಾಗ ಮಡಿಕೆಯಲ್ಲಿ ಬಿರುಕು ಬಂತೆಂದರೆ ಎಣ್ಣೆ ಹೆಚ್ಚೇ ಹೋಗಿದೆ. ಆಗ ಅದೇ ಬಣ್ಣದ ಹೊಸ ಕ್ಲೇಯನ್ನು ಚೂರು ಸೇರಿಸಬೇಕು, ಇಲ್ಲವೇ ಒಂದು ಹನಿ ಬೇಬಿ ಆಯಿಲ್ ಹಾಕಿ ನಾದಬೇಕು.

ಇಷ್ಟು ಕಷ್ಟ ಯಾಕೆ ಎಂದರೆ ಪತ್ರೊಡೆಗಾಗಿ. ಪತ್ರೊಡೆಯನ್ನು ಅಡುಗೆಮನೆಯಲ್ಲಿ ಹೇಗೆ ಮಾಡುತ್ತೇವೆಯೋ ಕ್ಲೇಯಲ್ಲೂ ಹಾಗೆಯೇ: ಕೆಸುವಿನ ಎಲೆಯ ಬದಲು ತೆಳ್ಳಗಿನ ಕಡು ಹಸಿರು ಹಾಳೆ, ಹಿಟ್ಟಿನ ಬದಲು ಕೆಂಪು ಮಿಶ್ರಿತ ಕಂದು ಹಾಳೆ, ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಸುರುಳಿ. ಆಮೇಲೆ ಸುರುಳಿಯನ್ನು ಉರುಳಿಸಿ ಉರುಳಿಸಿ ಪೆನ್ಸಿಲ್ ದಪ್ಪಕ್ಕೆ ತಂದು ಬ್ಲೇಡಿನಲ್ಲಿ ಕೊಯ್ಯಬೇಕು. ಕ್ಲೇ ಮೆತ್ತಗಿದ್ದರೆ ಬ್ಲೇಡ್ ಇಳಿಯುವ ಮೊದಲೇ ಸುರುಳಿ ಅಪ್ಪಚ್ಚಿ. ಚೂರು ದುಂಡಗೆ ಬರುವುದಿಲ್ಲ, ಹಸಿರು ಕಂದಿನ ಮೇಲೆ ಒರಸಿಕೊಂಡು ಸುರುಳಿಯ ಗೆರೆಯೇ ಕಾಣುವುದಿಲ್ಲ. ಇದಕ್ಕಿಂತ ಮುಖ್ಯ, ಎರಡೂ ಬಣ್ಣ ಒಂದೇ ಹದದಲ್ಲಿರಬೇಕು. ಹಸಿರು ಮೆತ್ತಗೆ, ಕಂದು ಗಟ್ಟಿ ಎಂದಾದರೆ ಉರುಳಿಸುವಾಗ ಹಸಿರು ಮಾತ್ರ ಎರಡು ತುದಿಗೆ ಹರಿದುಹೋಗುತ್ತದೆ, ನಡುವೆ ಕಂದು ಮಾತ್ರ ಉಳಿಯುತ್ತದೆ. ಹಾಗಾಗಿ ಕಾಗದದ ನಡುವೆ ಇಡುವುದು ಮೆತ್ತಗಿರುವ ಬಣ್ಣವನ್ನು ಮಾತ್ರ. ಎರಡೂ ಬಣ್ಣದ ಒಂದೇ ಅಳತೆಯ ಉಂಡೆ ಮಾಡಿ, ಎರಡು ಹೆಬ್ಬೆರಳಲ್ಲಿ ಒಟ್ಟಿಗೆ ಒತ್ತಿ ಹೋಲಿಸಿದರೆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಸುರುಳಿ ಸುತ್ತಿದ ಮೇಲೆ ಫ್ರಿಜ್ಜಿನ ಸರದಿ. ಇಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಈಗ ಉಳಿದದ್ದು ಉರುಳಿಸಿ ಹುಟ್ಟಿದ ಬಿಸಿ ಮಾತ್ರ. ಕವರಿನಲ್ಲಿ ಗಾಳಿಯಾಡದಂತೆ ಸುತ್ತಿ ಇಡಬೇಕು. ನಮ್ಮ ಗಾಳಿಯಲ್ಲಿ ತೇವ ಎಷ್ಟೆಂದರೆ, ತಣ್ಣಗಿನದ್ದನ್ನು ಹೊರಗಿಟ್ಟ ಕೂಡಲೇ ನೀರಿನ ಹನಿ ಕೂರುತ್ತದೆ. ಕವರಿದ್ದರೆ ಹನಿ ಕವರಿನ ಮೇಲೆ ಕೂರುತ್ತದೆ, ಒರೆಸಿ ಆಮೇಲೆ ಬಿಚ್ಚಬಹುದು. ಮಡಿಕೆಯೊಳಗೆ ನೀರು ಸೇರಿದರೆ ಬೇಯುವಾಗ ಗುಳ್ಳೆ ಬರುತ್ತದೆ. ಫ್ರೀಜರ್ ಬೇಡ, ಸುರುಳಿ ಬಿರುಕು ಬಿಡುತ್ತದೆ. ಹೊರತೆಗೆದು ಬೇಗ ಬೇಗ ಕೊಯ್ಯಬೇಕು, ಒಂದೊಂದು ಕೊಯ್ತಕ್ಕೂ ಸುರುಳಿಯನ್ನು ಸ್ವಲ್ಪ ತಿರುಗಿಸುತ್ತಾ. ಹಾಗೆ ಮಾಡಿದರೆ ಒಂದೇ ಬದಿ ಚಪ್ಪಟೆಯಾಗುವುದಿಲ್ಲ.

ಕಾಗದಕ್ಕೆ ಪುರುಸೊತ್ತಿಲ್ಲದಾಗ ಇನ್ನೊಂದು ದಾರಿ ಉಂಟು, ಗಟ್ಟಿ ಕ್ಲೇ ಬೆರೆಸುವುದು. ಫಿಮೋ ಪ್ರೊಫೆಷನಲ್, ಕೇಟೋ ಇವೆರಡೂ ಗಟ್ಟಿ ಜಾತಿಯವು. ಎರಡು ಕಂಪನಿಯ ಕ್ಲೇ ಬೆರೆಸಿದರೆ ಏನೂ ಆಗುವುದಿಲ್ಲ, ಬೇಯಿಸುವ ಬಿಸಿಯ ಲೆಕ್ಕ ಮಾತ್ರ ನೋಡಬೇಕು. ಫಿಮೋ ಪ್ಯಾಕೆಟ್ಟಿನಲ್ಲಿ 110 ಡಿಗ್ರಿ, ಕೇಟೋದಲ್ಲಿ 150 ಎಂದಿರುತ್ತದೆ. ಬೆರೆಸಿದ ಕ್ಲೇಯ ತೆಳು ಪಟ್ಟಿಯೊಂದನ್ನು ಮೊದಲು ಬೇಯಿಸಿ, ತಣಿದ ಮೇಲೆ ಬಗ್ಗಿಸಿ ನೋಡುತ್ತೇನೆ. ಬಗ್ಗಿದರೆ ಸರಿ, ಪಟ್ಟನೆ ಮುರಿದರೆ ಬೆಂದದ್ದು ಸಾಲದು.

ಕಾರ್ನ್ ಫ್ಲೋರ್ ಬಗ್ಗೆ ಒಂದು ಮಾತು. ಅದು ಅಚ್ಚಿಗೆ, ಬೆರಳ ತುದಿಗೆ ಸವರಲು ಒಳ್ಳೆಯದು. ಅಂಟು ಹೋಗಲಿ ಎಂದು ಚಪಾತಿ ಹಿಟ್ಟಿನ ಲೆಕ್ಕದಲ್ಲಿ ಸುರಿದು ನಾದಿದರೆ ಬೆಂದ ಮೇಲೆ ಮುರಿಯುವ ಮಾಲು ಸಿಗುತ್ತದೆ. ಅಕ್ಕಿಹಿಟ್ಟು ತರಿ, ಗಾಢ ಬಣ್ಣದ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ. ಕಡು ಬಣ್ಣಕ್ಕೆ ಅಚ್ಚೊತ್ತುವಾಗ ನಾನು ಹಿಟ್ಟಿನ ಬದಲು ಅಚ್ಚಿಗೆ ನೀರು ಚಿಮುಕಿಸಿ, ಒತ್ತಿ ತೆಗೆದ ಮೇಲೆ ಕ್ಲೇಯನ್ನು ಒರೆಸುತ್ತೇನೆ.

ಉಳಿದದ್ದೆಲ್ಲ ಹೊತ್ತು ನೋಡಿ ಕೆಲಸ ಮಾಡುವುದು. ಅನ್ನ ಮಾಡುವ ಬಿಳಿ ಕ್ಲೇಗೆ ನಾನು ಕೂರುವುದು ಬೆಳಗ್ಗೆ, ಕಾಫಿಗೆ ಮೊದಲು. ಮಧ್ಯಾಹ್ನ ಫ್ಯಾನ್ ಹಾಕಿದರೆ ಧೂಳು, ಬಟ್ಟೆಯ ನೂಲು ಎಲ್ಲ ಬಿಳಿಯ ಮೇಲೆಯೇ ಬಂದು ಕೂರುತ್ತದೆ. ಹಾಕದಿದ್ದರೆ ಕೈ ಬೆವರುತ್ತದೆ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಒಂದು ಸಿಕ್ಕಿತ್ತು, ಮರದ ಮೇಜಿಗಿಂತ ಎಷ್ಟೋ ತಂಪು. ಮರಕ್ಕೆ ವಾರ್ನಿಷ್ ಇದ್ದರೆ ಕ್ಲೇ ಅದನ್ನೂ ಕಿತ್ತು ತರುತ್ತದೆ. ಗಾಜಿನಂತೆ ಕಾಣುವ, ಬಿದ್ದರೆ ಒಡೆಯುವ ಪ್ಲಾಸ್ಟಿಕ್ ಡಬ್ಬಿಯಲ್ಲೂ ಕ್ಲೇ ಇಡಬಾರದು, ಆ ಪ್ಲಾಸ್ಟಿಕ್ ಕರಗಿ ಕ್ಲೇಗೆ ಅಂಟುತ್ತದೆ. ತಳದಲ್ಲಿ ತ್ರಿಕೋನದೊಳಗೆ 5 ಎಂದು ಬರೆದ ಡಬ್ಬಿ ಆಗುತ್ತದೆ. ಡಬ್ಬಿಗಳ ಜಾಗ ಕೆಳಗಿನ ಕತ್ತಲೆ ಕೋಣೆಯಲ್ಲಿ. ಮಹಡಿಯಲ್ಲಿ, ಹಂಚಿನ ಅಡಿಯಲ್ಲಿ ಖಂಡಿತ ಇಡುವುದಿಲ್ಲ. ಮೇ ತಿಂಗಳಲ್ಲಿ ಪಾರ್ಸೆಲ್ ತರಿಸುವುದನ್ನೂ ಬಿಟ್ಟಿದ್ದೇನೆ. ಬೇಕಾದ್ದನ್ನು ಜನವರಿಯಲ್ಲೇ ತರಿಸಿಡುತ್ತೇನೆ.

ಓವನ್ನಿನಲ್ಲೂ ಮೆತ್ತಗಿನ ಕ್ಲೇ ಕೈಕೊಡುತ್ತದೆ, ಯಾಕೆಂದರೆ ಗಟ್ಟಿಯಾಗುವ ಮೊದಲು ಅದು ಬಿಸಿಗೆ ಇನ್ನೊಮ್ಮೆ ಸಡಿಲವಾಗುತ್ತದೆ. ಹಪ್ಪಳದ ಎದ್ದ ಅಂಚು, ಬಾಳೆಎಲೆಯ ತುದಿ ಆಗಲೇ ಮಲಗುವುದು. ಅವುಗಳ ಅಡಿಗೆ ಟಿಶ್ಯೂ ಪೇಪರಿನ ಸುರುಳಿ ಒತ್ತುಕೊಟ್ಟು, ಇಡೀ ಟ್ರೇಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೇವ ಒರೆಸಿ ಆಮೇಲೆ ಓವನ್ನಿಗೆ ಹಾಕುತ್ತೇನೆ. ಒಳಗೊಂದು ಥರ್ಮಾಮೀಟರ್ ಇರಲೇಬೇಕು. ಪಿವಿಸಿ ಕರಟಿದರೆ ಬರುವ ಹೊಗೆ ಒಳ್ಳೆಯದಲ್ಲ, ಅಡುಗೆಯ ಓವನ್ ಬೇರೆ, ಇದರದ್ದು ಬೇರೆ. ಅರ್ಧ ಗಂಟೆ ಕಳೆದು ಹೊರತೆಗೆದಾಗ ಹಪ್ಪಳ ಇನ್ನೂ ಬಳುಕುತ್ತಿರುತ್ತದೆ. ಬೇಯಲಿಲ್ಲ ಎಂದು ಮತ್ತೆ ಒಳಗೆ ತಳ್ಳುವ ಅಗತ್ಯ ಇಲ್ಲ, ತಣಿದ ಮೇಲೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.