ಹಳೇ ಸಬ್‌ಮರ್ಸಿಬಲ್‌ಗಳಿಂದ ರೆಡಿ ಸೆಟ್: ನನ್ನ ಅನುಭವ

ಸುಟ್ಟು ಬಂದ ಬೋರ್‌ವೆಲ್ ಮೋಟ್ರಲ್ಲಿ ಹೋಗಿರೋದು ಕಾಯಿಲ್ (ತಾಮ್ರದ ಸುರುಳಿ). ಶಾಫ್ಟು, ರೋಟರು (ತಿರುಗೋ ಭಾಗ) ಬಹುಪಾಲು ನೆಟ್ಟಗಿರುತ್ತವೆ. ಮರಳು ತಿಂದ ಪಂಪಲ್ಲಿ ಸವೆದಿರೋದು ಇಂಪೆಲ್ಲರ್ (ನೀರು ಎತ್ತೋ ಚಕ್ರ) ಕುತ್ತಿಗೆ, ಅದರ ಮೋಟ್ರು ಚೆನ್ನಾಗೇ ಇರುತ್ತೆ. ಎರಡನ್ನೂ ಬಿಚ್ಚಿ ರೆಡಿ ಸೆಟ್ (ಮೋಟ್ರು, ಪಂಪು ಸೇರಿದ ಜೋಡಿ) ಕಟ್ಟಿಟ್ಟು, ರೈತರು ಕೆಟ್ಟದ್ದು ತಂದ ದಿನವೇ ಬದಲಿ ಕೊಡೋಣ ಅಂದಾಗ ಮಂಡ್ಯದಲ್ಲಿ ನಕ್ಕವರೇ ಜಾಸ್ತಿ. ‘ಆರು ತಿಂಗಳಿಗೆ ವಾಪಸ್ ತಂದು ಜಗಳ ಆಡ್ತಾರೆ’ ಅಂದರು. ಮೂರು ಬೇಸಿಗೆ ದಾಟಿದೆ, ವಾಪಸ್ ಬರೋದು ನೂರಕ್ಕೆ ನಾಲ್ಕೈದು.

ಹಿಡಿದಿದ್ದು ಒಂದೇ ಸೈಜು: ವಿ6 (ಆರಿಂಚಿನ ಬೋರಿಗೆ ಇಳಿಯೋದು), ಏಳೂವರೆ ಎಚ್‌ಪಿ. ಅದರಲ್ಲೂ ಎರಡೇ ಕಂಪನಿ. ನಾಗಮಂಗಲದ ಕಡೆಯಿಂದ ಹೆಚ್ಚು ಬರೋದು ಅವೇ. ಸಿಕ್ಕಿದ್ದಕ್ಕೆಲ್ಲ ಕೈ ಹಾಕಿದರೆ ರ‍್ಯಾಕು ತುಂಬುತ್ತೆ, ಪೂರ್ತಿ ಸೆಟ್ ಒಂದೂ ಆಗಲ್ಲ.

ಹಳೇ ಕಾಯಿಲ್ ತೆಗೆಯೋಕೆ ಸ್ಟೇಟರ್‌ಗೆ (ಕಾಯಿಲ್ ಕೂರೋ ಕಬ್ಬಿಣದ ಭಾಗ) ಬೆಂಕಿ ಹಾಕೋ ಚಾಳಿ ಮೊದಲು ಬಿಡಬೇಕು. ಪಾಲಿ ವೈರಿಗೆ (ಪ್ಲಾಸ್ಟಿಕ್ ಹೊದಿಕೆಯ ತಂತಿ) ವಾರ್ನಿಶ್ ಇರಲ್ಲ. ಒಂದು ಕಡೆ ತಲೆ ಕತ್ತರಿಸಿ ಇನ್ನೊಂದು ಕಡೆಯಿಂದ ಎಳೆದರೆ ಬರುತ್ತೆ. ಬೆಂಕಿ ಹಾಕಿದರೆ ಸ್ಟಾಂಪಿಂಗ್ (ಸ್ಟೇಟರಿನ ತೆಳು ತಗಡು) ನಡುವಿನ ಇನ್ಸುಲೇಶನ್ ಹೋಗಿ, ರಿವೈಂಡಿಂಗ್ ಎಷ್ಟೇ ಚೆನ್ನಾಗಿದ್ರೂ ನೋ ಲೋಡಲ್ಲೇ (ಪಂಪು ಜೋಡಿಸದೆ ಓಡಿಸಿದಾಗಲೇ) ಆಂಪ್ಸ್ ಏರಿ ಬಿಸಿಯಾಗುತ್ತೆ. ಸುಡದೆ ಸುಲಿದ ತಾಮ್ರಕ್ಕೆ ಗುಜರಿಯವರು ಕೆ.ಜಿ.ಗೆ ಐವತ್ತು ಅರವತ್ತು ರೂಪಾಯಿ ಹೆಚ್ಚಿಗೆ ಕೊಡ್ತಾರೆ, ಎಳೆಯೋ ಹುಡುಗನ ಕೂಲಿ ಅದರಲ್ಲೇ ಹೊರಡುತ್ತೆ.

ಶುರುವಿನಲ್ಲಿ ವಾಪಸ್ ಬಂದ ಸೆಟ್‌ಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿದ್ದು ತ್ರಸ್ಟ್ ಬೇರಿಂಗಲ್ಲಿ (ಮೋಟ್ರಿನಲ್ಲಿ ಪಂಪಿನ ಭಾರ ಹೊರೋ ಭಾಗ). ಬೇರೆ ಬೇರೆ ಮೋಟ್ರಿನ ಸ್ಟೀಲ್ ಸೆಗ್ಮೆಂಟ್ (ಕಾರ್ಬನ್ ತಟ್ಟೆಗೆ ಆಸರೆ ಕೊಡೋ ತುಂಡು) ಬೆರೆಸಿದಾಗ ಎತ್ತರ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ರೂ, ಪಂಪಿನ ಭಾರ ಎಲ್ಲಾ ಎರಡು ಮೂರು ತುಂಡಿನ ಮೇಲೆ ಕೂತು ಕಾರ್ಬನ್ ಕಿತ್ತು ಬರುತ್ತೆ. ಈಗ ಪ್ರತಿ ತುಂಡನ್ನೂ ಮೈಕ್ರೋಮೀಟರಲ್ಲಿ ಅಳೆದು, ಮಾರ್ಕರಲ್ಲಿ ಬರೆದು, ಎತ್ತರದ ವ್ಯತ್ಯಾಸ 0.02 ಮಿ.ಮೀ. ಒಳಗಿರೋವನ್ನಷ್ಟೇ ಒಂದು ಡಬ್ಬಿಗೆ ಹಾಕೋದು. ಕಾರ್ಬನ್ನನ್ನ ದಪ್ಪ ಗಾಜಿನ ಮೇಲೆ 400, 800, 1200 ಎಮರಿ ಪೇಪರಲ್ಲಿ ನೀರು ಹಾಕಿ ಉಜ್ಜಬೇಕು, ಎಂಟರ ಆಕಾರದಲ್ಲಿ. ಒಂದೇ ದಿಕ್ಕಿಗೆ ಉಜ್ಜಿದರೆ ಅಂಚು ಇಳಿಯುತ್ತೆ.

ಸವೆದ ಇಂಪೆಲ್ಲರ್ ಕುತ್ತಿಗೆಯನ್ನ ಲೇತಲ್ಲಿ ಇಳಿಸಿ ಸ್ಟೇನ್‌ಲೆಸ್ ರಿಂಗ್ ಕೂರಿಸಿ ನೋಡಿದ್ದೂ ಆಯಿತು. ಗನ್‌ಮೆಟಲ್ (ಕಂಚು) ಇಂಪೆಲ್ಲರ್‌ಗೆ ಒಪ್ಪುತ್ತೆ. ನೋರಿಲ್‌ಗೆ (ಇದು ಪ್ಲಾಸ್ಟಿಕ್) ಬಿಸಿ ರಿಂಗ್ ಹಾಕಿದರೆ ಸೀಳು ಬಿಡುತ್ತೆ, ಅಂಟು ಹಾಕಿದರೆ ಒಳಗೆ ಕಳಚಿ ಎಲ್ಲ ಸ್ಟೇಜನ್ನೂ (ಒಂದರ ಮೇಲೊಂದು ಕೂರೋ ಇಂಪೆಲ್ಲರ್-ಬೌಲು ಜೋಡಿ) ಕೆಡಿಸುತ್ತೆ. ನೋರಿಲ್ ಹೊಸದೇ ತರೋದು ಲೇಸು. ಬೌಲು (ಇಂಪೆಲ್ಲರ್ ಕೂರೋ ಬಟ್ಟಲು) ಮಾತ್ರ ಹಳೇದೇ, ಅದರ ನೆಕ್ ರಿಂಗ್ (ಕುತ್ತಿಗೆ ತಿರುಗೋ ಬಳೆ) ಬದಲಿಸಿ. ಜೋಡಿಸಿದ ಮೇಲೆ ಕಪ್ಲಿಂಗ್ ಹಿಡಿದು ಎತ್ತಿ ನೋಡಿ: ಶಾಫ್ಟು ಒಂದೆರಡು ಮಿ.ಮೀ. ಆಡಲೇಬೇಕು.

ದುಡ್ಡಿನ ಮಾತು. ಹಳೇ ಸೆಟ್ಟಿಗೆ ಗುಜರಿ ರೇಟಿಗಿಂತ ಸಾವಿರ ಮೇಲೆ ಕೊಟ್ಟರೆ ತಾವಾಗೇ ತಂದು ಹಾಕ್ತಾರೆ. ರಿವೈಂಡಿಂಗ್, ಬುಷ್, ಇಂಪೆಲ್ಲರ್, ಲೇತು ಕೂಲಿ ಸೇರಿ ಹನ್ನೊಂದು ಹನ್ನೆರಡು ಸಾವಿರ ಬೀಳುತ್ತೆ. ಕೆಟ್ಟದ್ದನ್ನ ಇಟ್ಟುಕೊಂಡು ಹದಿನಾರು ಸಾವಿರಕ್ಕೆ ಕೊಡೋದು. ಹೊಸದಕ್ಕೆ ಮೂವತ್ತೈದರ ಮೇಲೆ. ಮೊದಲ ವರ್ಷ ಲಾಭ ಕಾಣಲ್ಲ, ದುಡ್ಡೆಲ್ಲ ರ‍್ಯಾಕಲ್ಲೇ ಇರುತ್ತೆ. ಹತ್ತು ಸೆಟ್ ಸದಾ ರೆಡಿ ಇದ್ದರೆ ಮಾತ್ರ ಗಿಟ್ಟುತ್ತೆ, ಯಾಕೆಂದರೆ ಕಬ್ಬು ಒಣಗೋ ಹೊತ್ತಲ್ಲಿ ರೈತರು ನೋಡೋದು ‘ಇವತ್ತೇ ಇಳಿಸಬಹುದಾ’ ಅನ್ನೋದನ್ನ.

ಸೆಟ್ ಕೊಡೋ ಮುಂಚೆ ಮೋಟ್ರಿಗೆ ಶುದ್ಧ ನೀರು ತುಂಬಿ, ಅಲ್ಲಾಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ತುಂಬಿ. ಗಾಳಿ ಉಳಿದರೆ ಮೇಲಿನ ಬುಷ್ ಒಣಗಿ ಸುಡುತ್ತೆ. ರಾತ್ರಿಯಿಡೀ ತೊಟ್ಟಿಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರು) ಹಾಕಿ, ಇಪ್ಪತ್ತು ಮೆಗಾ ಓಮ್‌ಗೆ ಕಮ್ಮಿ ಬಂದರೆ ಕಳಿಸಬೇಡಿ. ಗ್ಯಾರಂಟಿ ಆರು ತಿಂಗಳು. ಸ್ಟಾರ್ಟರಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟ್ರು ನಿಲ್ಲಿಸೋ ಸಾಧನ) ಬೈಪಾಸ್ ಮಾಡಿದ್ದರೆ ಅದೂ ಇಲ್ಲ ಅಂತ ಬಿಲ್ಲಿನಲ್ಲೇ ಬರೆದು ಸಹಿ ಹಾಕಿಸಿಕೊಳ್ತೀನಿ.