ಕನೆಕ್ಟಿಕಟ್‌ನ ಪ್ರಾದೇಶಿಕ ಕೃಷಿ ಹೈಸ್ಕೂಲು: ಆರಿಸುವ ಬಗೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಎಂಟನೇ ತರಗತಿ ಓದುತ್ತಿರುವ ಮಗುವಿಗೆ ತನ್ನೂರಿನ ಹೈಸ್ಕೂಲಲ್ಲದೆ ಇನ್ನೊಂದು ಸರ್ಕಾರಿ ದಾರಿಯೂ ಇದೆ. ಸುತ್ತಲಿನ ಹಲವು ಊರುಗಳ ಮಕ್ಕಳಿಗಾಗಿ ಯಾವುದಾದರೊಂದು ಹೈಸ್ಕೂಲಿನಲ್ಲಿ ನಡೆಯುವ ಕೃಷಿ ವಿಜ್ಞಾನ ಮತ್ತು ತಂತ್ರಜ್ಞಾನ ಕೇಂದ್ರವೇ ಅದು. ಹಳಬರ ಬಾಯಲ್ಲಿ ಇಂದಿಗೂ ಅದು ‘ವೋ-ಆಗ್’, ಅಂದರೆ ವೊಕೇಷನಲ್ ಅಗ್ರಿಕಲ್ಚರ್ (ವೃತ್ತಿಪರ ಕೃಷಿ ಶಿಕ್ಷಣ). ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೇರುವ ಕೃಷಿ ಡಿಪ್ಲೊಮಾದಂತೆ ಇದು ಪ್ರತ್ಯೇಕ ಕೋರ್ಸಲ್ಲ. ಗಣಿತ, ಇಂಗ್ಲಿಷ್, ಇತಿಹಾಸಗಳನ್ನು ಎಲ್ಲರಂತೆ ಓದುತ್ತಲೇ ಪಶು ವಿಜ್ಞಾನ, ಸಸ್ಯ ವಿಜ್ಞಾನ, ಕೃಷಿ ಯಂತ್ರಗಳಂಥ ವಿಷಯಗಳನ್ನು ಕಲಿಯುವ ವ್ಯವಸ್ಥೆಯಾದ್ದರಿಂದ, ಕಾಲೇಜಿನ ಬಾಗಿಲು ಮುಚ್ಚೀತೆಂಬ ನಮ್ಮ ಕುಟುಂಬಗಳ ಆತಂಕಕ್ಕೆ ಕಾರಣವಿಲ್ಲ.

ನಿಮ್ಮ ಊರಿಗೆ ಯಾವ ಕೇಂದ್ರ ನಿಗದಿಯಾಗಿದೆ ಎಂಬುದನ್ನು ಶಾಲೆಯ ಆಪ್ತಸಲಹೆಗಾರರಲ್ಲಿ ಮೊದಲು ವಿಚಾರಿಸಿ. ಬೋಧನಾ ಶುಲ್ಕ ಪೋಷಕರ ಮೇಲೆ ಬೀಳುವುದಿಲ್ಲ. ಬಸ್ಸಿನ ಹೊಣೆ ಊರಿನ ಶಿಕ್ಷಣ ಮಂಡಳಿಯದು. ಕೇಂದ್ರಗಳೆಲ್ಲ ಒಂದೇ ಬಗೆಯವಲ್ಲ: ನ್ಯೂ ಹೇವನ್‌ನ ಸೌಂಡ್ ಸ್ಕೂಲ್ ಕಡಲಂಚಿನಲ್ಲಿದ್ದು, ಅಲ್ಲಿ ಜಲಕೃಷಿಗೇ ಹೆಚ್ಚು ಒತ್ತು.

ಮುಂದಿನದು ಖುದ್ದು ಭೇಟಿ. ಹಸಿರುಮನೆ, ಕೊಟ್ಟಿಗೆಗಳನ್ನು ನೋಡಿ ಮೆಚ್ಚಿ ಬಂದರೆ ಸಾಲದು, ‘ಎಸ್‌ಎಇ’ (ಮೇಲ್ವಿಚಾರಣೆಯ ಕೃಷಿ ಅನುಭವ) ಹೇಗೆ ನಡೆಯುತ್ತದೆಂದು ಕೇಳಿ. ಶಾಲೆಯ ಗಂಟೆಗಳಾಚೆ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ಕೈಗೊಳ್ಳಬೇಕಾದ ಸ್ವಂತ ಕೆಲಸವದು, ನನ್ನ ಮಟ್ಟಿಗೆ ಈ ಶಿಕ್ಷಣದ ಜೀವಾಳವೇ ಅದು. ಮೇಕೆ ಸಾಕುವ ಹುಡುಗಿ ಮೇವಿಗೆಷ್ಟು ಖರ್ಚಾಯಿತು, ಲಸಿಕೆ ಯಾವತ್ತು ಹಾಕಿಸಿದ್ದು, ಮರಿ ಮಾರಿದಾಗ ಕೈಗೆಷ್ಟು ಬಂತು ಎಂಬುದನ್ನೆಲ್ಲ ದಿನಾಂಕ ಸಹಿತ ಬರೆದಿಡುತ್ತಾಳೆ. ಮನೆಯಲ್ಲಿ ಜಮೀನಿಲ್ಲದವರು ನರ್ಸರಿಯಲ್ಲೋ ಪಶುವೈದ್ಯರ ಕ್ಲಿನಿಕ್ಕಿನಲ್ಲೋ ದುಡಿದು ಅದನ್ನೂ ಹೀಗೆಯೇ ದಾಖಲಿಸಬಹುದು. ಹಿರಿಯ ವಿದ್ಯಾರ್ಥಿಯೊಬ್ಬರ ದಾಖಲೆ ಪುಸ್ತಕವನ್ನು ತೋರಿಸುವಂತೆ ವಿನಂತಿಸಿ. ಆ ಲೆಕ್ಕದ ಸಾಲುಗಳನ್ನು ಕಂಡು ನಿಮ್ಮ ಮಗುವಿನ ಮುಖ ಅರಳಿತೇ, ಬಾಡಿತೇ ಎಂಬುದನ್ನು ಗಮನಿಸಿ. 1928ರಲ್ಲಿ ಹುಟ್ಟಿದ, ಕೃಷಿ ಕಲಿಯುವ ವಿದ್ಯಾರ್ಥಿಗಳ ಎಫ್‌ಎಫ್‌ಎ ಸಂಘಟನೆಯ ಭಾಷಣ, ಜಾನುವಾರುಗಳ ಗುಣಮಟ್ಟ ಅಳೆದು ತೀರ್ಪು ಕೊಡುವ ಸ್ಪರ್ಧೆಗಳಿಗೂ ಸಮಯ ಬೇಕಾದ್ದರಿಂದ, ಸಂಜೆ ತಡವಾಗಿ ಹೊರಡುವ ಬಸ್ಸಿದೆಯೇ ಎಂದು ಅಂದೇ ತಿಳಿದುಕೊಳ್ಳಿ.

ಸೀಟುಗಳು ಮಿತವಾಗಿರುವುದರಿಂದ ಎಂಟನೇ ತರಗತಿಯ ಆರಂಭದಲ್ಲೇ ಅರ್ಜಿಯ ಕೊನೆಯ ದಿನಾಂಕ ಕೇಳಿಟ್ಟುಕೊಳ್ಳಿ; ಆಯ್ಕೆಯ ಕ್ರಮ ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗಬಹುದು. ಆಸಕ್ತಿಯ ಬಗ್ಗೆ ಬರೆಯಬೇಕಾಗಿ ಬಂದರೆ ಅದನ್ನು ಮಗುವೇ ಬರೆಯಲಿ, ನೀವು ತಿದ್ದಿ ಹೊಳಪು ಕೊಡಬೇಡಿ. ಸೀಟು ಸಿಗದಿದ್ದರೂ ಊರಿನ ಹೈಸ್ಕೂಲಿನಲ್ಲಿ ಜಾಗ ಇದ್ದೇ ಇರುತ್ತದೆ.